ಅಪ್‌ಡೇಟ್: ಹಳೆ ಕಾರಿನ ಐಡಲಿಂಗ್ ತೊಂದರೆ ಸರಿಹೋಯಿತು

ನನ್ನ ಹಳೆ ಕಾರು ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಆರ್‌ಪಿಎಂ, ಅಂದರೆ ಎಂಜಿನ್ ವೇಗ, ಏರಿಳಿಯುತ್ತದೆ ಅಂತ ಇಲ್ಲಿ ಕೇಳಿದ್ದೆ ಅಲ್ವಾ, ಕಾರಣ ಸಿಕ್ಕಿತು. ಕಿಡಿ ಕೊಡುವ ಪ್ಲಗ್, ಕಾಯಿಲ್ ಚೆನ್ನಾಗಿಯೇ ಇದ್ದವು. ನೀವು ಹೇಳಿದಂತೆ ಸ್ಕ್ಯಾನರ್ ಹಾಕಿ ಫ್ಯೂಯೆಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ನೋಡಿದೆ. ಐಡಲಿಂಗ್‌ನಲ್ಲಿ ಪ್ಲಸ್ 20% ದಾಟಿತ್ತು. 2500 ಆರ್‌ಪಿಎಂಗೆ ಏರಿಸಿದರೆ ಸೊನ್ನೆಯ ಹತ್ತಿರ ಬರುತ್ತಿತ್ತು. ಅಂದರೆ ಏರ್‌ಫ್ಲೋ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ತೆರೆದಾಗ ಒಟ್ಟು ಗಾಳಿಯೇ ಜಾಸ್ತಿ, ಹಾಗಾಗಿ ಆ ಸೋರಿಕೆ ಗೊತ್ತಾಗುವುದಿಲ್ಲ.

ಪಿಸಿವಿ ಹೋಸ್ (ಎಂಜಿನ್ ಒಳಗಿನ ಆವಿಯನ್ನು ಮತ್ತೆ ಎಂಜಿನ್‌ಗೇ ಎಳೆದುಕೊಳ್ಳುವ ರಬ್ಬರ್ ಪೈಪ್) ಮ್ಯಾನಿಫೋಲ್ಡ್‌ಗೆ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ, ಸೇರುವ ಕಡೆ, ಕ್ಲಾಂಪಿನ ಪಕ್ಕದಲ್ಲೇ ಸೀಳಿತ್ತು. ಮೇಲಿಂದ ಏನೂ ಕಾಣದು. ಬೆರಳಲ್ಲಿ ಬಗ್ಗಿಸಿದಾಗ ಬಾಯಿ ಬಿಟ್ಟಿತು, ರಬ್ಬರ್ ಅಷ್ಟು ಗಟ್ಟಿಯಾಗಿತ್ತು. ಸುಮ್ನೆ ಪಾರ್ಟ್ಸ್ ಬದಲಿಸುವ ಮೊದಲು ಹೋಸ್‌ಗಳನ್ನು ಹೀಗೆ ಮುಟ್ಟಿ ನೋಡಿ.

ಹೊಸ ಹೋಸ್ ಹಾಕಿದ ಮೇಲೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿದೆ. ಥ್ರಾಟಲ್ ಬಾಡಿ ಕ್ಲೀನ್ ಮಾಡುವುದು ಬಾಕಿ ಇದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.