46 ಪೇಪರ್ ಅನ್ನುತ್ತದೆ ಗೂಗಲ್, 3 ಅನ್ನುತ್ತದೆ ಸ್ಕೋಪಸ್, ನಿಜವಾಗಿ ನನ್ನವು 9. ಅರ್ಜಿಯಲ್ಲಿ ಏನು ಬರೆಯಲಿ?

ಬಾಟನಿ ಮೇಡಂ, ಹಾವೇರಿ

ಎಲ್ಲರಿಗೂ ನಮಸ್ಕಾರ. ಹಾವೇರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಾಟನಿ ಕಲಿಸುತ್ತೇನೆ. ಹನ್ನೆರಡು ವರ್ಷ ಆಯ್ತು. ಬ್ಯಾಡಗಿ ಮೆಣಸಿನಕಾಯಿಗೆ ಬರುವ ಹಣ್ಣು ಕೊಳೆ ರೋಗದ ಮೇಲೆ ನನ್ನ ಕೆಲಸ. ಈಗ ಪ್ರಮೋಷನ್‌ಗೆ ಅರ್ಜಿ ತುಂಬುತ್ತಿದ್ದೇನೆ. ಅದರಲ್ಲಿ ಮೂರು ಖಾನೆ ಇವೆ: ಒಟ್ಟು ಸೈಟೇಶನ್ (ಬೇರೆಯವರು ತಮ್ಮ ಬರಹದಲ್ಲಿ ನಮ್ಮ ಪೇಪರನ್ನು ಉಲ್ಲೇಖಿಸಿದ ಎಣಿಕೆ), ಆ ಎಣಿಕೆಯಿಂದಲೇ ತೆಗೆಯುವ ಎಚ್-ಇಂಡೆಕ್ಸ್, ಐ10-ಇಂಡೆಕ್ಸ್. ಅಲ್ಲೇ ಪೆನ್ನು ನಿಂತಿದೆ.

ಮೊನ್ನೆ ರಾತ್ರಿ ಗೂಗಲ್ ಸ್ಕಾಲರ್ ಪ್ರೊಫೈಲ್ ತೆರೆದೆ. ಯಾವಾಗಲೋ ಮಾಡಿಟ್ಟಿದ್ದು, ಆಮೇಲೆ ಆ ಕಡೆ ಹೋಗಿರಲಿಲ್ಲ. 46 ಪೇಪರ್, ಎಚ್-ಇಂಡೆಕ್ಸ್ 11 ಅಂತ ತೋರಿಸಿತು. ಕೆಳಗೆ ಇಳಿಸಿದರೆ ಮೂತ್ರಪಿಂಡದ ಕಲ್ಲಿನ ಮೇಲೊಂದು ಪೇಪರ್. ಅದರ ಕೆಳಗೆ ಗರ್ಭಿಣಿಯರ ರಕ್ತಹೀನತೆಯ ಮೇಲೆ ಇನ್ನೊಂದು. ನನ್ನದೇ ಇನಿಶಿಯಲ್, ನನ್ನದೇ ಅಡ್ಡಹೆಸರು, ಹಿರೇಮಠ. ಯಾರೋ ಡಾಕ್ಟರು ಬರೆದದ್ದೆಲ್ಲ ನನ್ನ ಹೆಸರಿನ ಕೆಳಗೆ ಬಂದು ಕೂತಿದೆ. ರಾತ್ರಿ ಹನ್ನೊಂದರವರೆಗೆ ಕೂತು ಎಣಿಸಿದೆ. ನನ್ನವು 9 ಮಾತ್ರ. ಅವುಗಳ ಸೈಟೇಶನ್ 19, 12, 7, 5, 5, 3, 1, ಉಳಿದ ಎರಡಕ್ಕೆ ಸೊನ್ನೆ.

ಸ್ಕೋಪಸ್ ಅನ್ನುವ ಇನ್ನೊಂದು ಪೇಪರ್ ಸೂಚಿಯಲ್ಲಿ ಹುಡುಕಿದರೆ 3 ಪೇಪರ್, ಎಚ್-ಇಂಡೆಕ್ಸ್ 2. ಮದುವೆಗೆ ಮುಂಚೆ ಬರೆದ ಒಂದು ಪೇಪರ್ ಅಪ್ಪನ ಮನೆಯ ಅಡ್ಡಹೆಸರಲ್ಲಿ, ಬೇರೆಯವರ ಹಾಗೆ ಬೇರೆ ಐಡಿಯಲ್ಲಿದೆ.

ಹಿರಿಯರೊಬ್ಬರು "11 ಅಂತಲೇ ಬರೀರಿ, ಯಾರು ನೋಡ್ತಾರೆ" ಅಂದರು. ನನ್ನಿಂದ ಆಗುವುದಿಲ್ಲ. ಹಾಗಂತ 2 ಬರೆಯಲೂ ಕೈ ಬರುತ್ತಿಲ್ಲ. ಹಿಂದೊಂದು ಸಂದರ್ಶನದಲ್ಲಿ "ಇಷ್ಟು ವರ್ಷಕ್ಕೆ ಎರಡೇನಾ?" ಅಂತ ಕೇಳಿದ್ದರು. ಆ ಮಾತು ಇನ್ನೂ ಮರೆತಿಲ್ಲ.

ಇನ್ನೊಂದು ಸಂಕಟ ಇದೆ. ರೈತರಿಗಾಗಿ ಕನ್ನಡದಲ್ಲಿ 8 ಪುಟದ ಕೈಪಿಡಿ ಬರೆದಿದ್ದೆ. ಹೋದ ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋದಾಗ ಒಬ್ಬ ರೈತರು ಅಂಗಿ ಜೇಬಿನಿಂದ ಅದನ್ನು ತೆಗೆದು ತೋರಿಸಿದರು. ನಾಲ್ಕು ಮಡಿಕೆ ಮಡಚಿ, ಮಡಿಕೆ ಹರಿದಲ್ಲಿ ಸೆಲ್ಲೋಟೇಪ್ ಹಚ್ಚಿದ್ದರು. ಬೀಜೋಪಚಾರದ ಪುಟದಲ್ಲಿ ಅಳತೆಯ ಕೆಳಗೆ ಪೆನ್ನಿನ ಗೆರೆ. ಈ ಕೈಪಿಡಿಗೆ ಯಾವ ಖಾನೆಯಲ್ಲೂ ಜಾಗ ಇಲ್ಲ. ತಿಳಿದವರು ದಾರಿ ಹೇಳಿ.

ಹಳೇ ಲೈಬ್ರರಿಯನ್, ಧಾರವಾಡ

ಮೇಡಂ, ನೀವು 11 ಬರೆಯುವುದಿಲ್ಲ ಅಂದದ್ದು ಓದಿ ಮನಸ್ಸು ತುಂಬಿತು. ಮೂವತ್ತು ವರ್ಷ ಕಾಲೇಜು ಲೈಬ್ರರಿಯಲ್ಲಿದ್ದೆ. ಕೊನೆಯ ಹತ್ತು ವರ್ಷ ಮಾಡಿದ್ದೇ ಈ ಕೆಲಸ. ಮೇಷ್ಟ್ರುಗಳು ಅರ್ಜಿ ಹಿಡಿದು ಬರುತ್ತಿದ್ದರು, ಜೊತೆಗೆ ಕೂತು ಲೆಕ್ಕ ಸರಿಮಾಡುತ್ತಿದ್ದೆವು.

ಮೊದಲು ಲೆಕ್ಕವನ್ನು ಕೈಯಲ್ಲೇ ಮಾಡೋಣ. ನೀವು ಕೊಟ್ಟ ಸಂಖ್ಯೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆದು ಪಕ್ಕದಲ್ಲಿ ಸಾಲು ಸಂಖ್ಯೆ ಹಾಕಿ. ಒಂದನೆಯದಕ್ಕೆ 19, ಎರಡನೆಯದಕ್ಕೆ 12, ಮೂರನೆಯದಕ್ಕೆ 7, ನಾಲ್ಕನೆಯದಕ್ಕೆ 5, ಐದನೆಯದಕ್ಕೂ 5. ಆರನೆಯದಕ್ಕೆ ಬಂದರೆ 3 ಮಾತ್ರ. ಸಾಲು ಸಂಖ್ಯೆಗಿಂತ ಸೈಟೇಶನ್ ಕಮ್ಮಿ ಆಯ್ತು, ಅಲ್ಲಿಗೆ ನಿಲ್ಲಿಸಿ. ನಿಮ್ಮ ಎಚ್-ಇಂಡೆಕ್ಸ್ 5, ಅಂದರೆ ಕನಿಷ್ಠ ಐದು ಸೈಟೇಶನ್ ಇರುವ ಪೇಪರ್ ಐದು. ಒಟ್ಟು ಸೈಟೇಶನ್ 52. ಕನಿಷ್ಠ ಹತ್ತು ಸೈಟೇಶನ್ ಇರುವ ಪೇಪರ್ ಎರಡು, ಹಾಗಾಗಿ ಐ10 ಅಂದರೆ 2. ಈ ಎಚ್-ಇಂಡೆಕ್ಸ್ ಹುಟ್ಟಿದ್ದು 2005ರಲ್ಲಿ, ಹಿರ್ಷ್ ಅನ್ನುವ ಭೌತಶಾಸ್ತ್ರಜ್ಞರಿಂದ. ಒಂದು ಮಾತು ನೆನಪಿಡಿ. ನಿಮ್ಮ ಮೊದಲ ಪೇಪರಿಗೆ 19ರ ಬದಲು 1900 ಸೈಟೇಶನ್ ಇದ್ದರೂ ಈ ಸಂಖ್ಯೆ 5ರಲ್ಲೇ ಇರುತ್ತಿತ್ತು. ಕೆಲಸ ಎಷ್ಟು ಆಳದ್ದು ಅಂತ ಅದು ಹೇಳುವುದಿಲ್ಲ. ಅದು ಇಳಿಯುವುದೂ ಇಲ್ಲ, ವಯಸ್ಸಾದಂತೆ ಏರುತ್ತದೆ ಅಷ್ಟೇ. ಅದಕ್ಕೇ ಹೊಸಬರನ್ನೂ ಹಳಬರನ್ನೂ, ಬಾಟನಿಯವರನ್ನೂ ವೈದ್ಯರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಡಾಕ್ಟರ ಪೇಪರ್ ತೆಗೆದ ಮೇಲೆ ಗೂಗಲ್ 5 ಅನ್ನುವುದು, ಸ್ಕೋಪಸ್ 2 ಅನ್ನುವುದು, ಎರಡೂ ಸುಳ್ಳಲ್ಲ. ಎಣಿಸುವ ಅಂಗಳ ಬೇರೆ. ಸ್ಕೋಪಸ್ ತಾನು ಆರಿಸಿಕೊಂಡ ಜರ್ನಲ್, ಪುಸ್ತಕ, ಸಮ್ಮೇಳನಗಳ ಒಳಗೆ ಮಾತ್ರ ಎಣಿಸುತ್ತದೆ. ಗೂಗಲ್ ಪ್ರಬಂಧ, ವರದಿ, ಪುಸ್ತಕ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುತ್ತದೆ. ಆದ್ದರಿಂದ ಯಾವ ಸಂಖ್ಯೆ ಬರೆದರೂ ಪಕ್ಕದಲ್ಲಿ ಎಲ್ಲಿಂದ ತೆಗೆದದ್ದು, ಯಾವ ತಾರೀಖಿನದ್ದು ಅಂತ ಬರೆಯಿರಿ. ಎರಡೂ ಸಂಖ್ಯೆ ಬರೆದರೂ ತಪ್ಪಿಲ್ಲ.

ಈಗ ಮನೆ ಗುಡಿಸುವ ಕೆಲಸ. ಗೂಗಲ್ ಪ್ರೊಫೈಲಿನಲ್ಲಿ ಡಾಕ್ಟರ ಪೇಪರ್‌ಗಳ ಮುಂದಿನ ಚೌಕಕ್ಕೆ ಟಿಕ್ ಹಾಕಿ ಅಳಿಸಿ. ಸೆಟ್ಟಿಂಗ್‌ನಲ್ಲಿ ಹೊಸ ಪೇಪರ್ ತಾನೇ ಸೇರಿಸಿಕೊಳ್ಳುವುದನ್ನು ತೆಗೆದು, ಮೊದಲು ನಿಮಗೆ ಇಮೇಲ್ ಕಳಿಸಿ ಕೇಳುವ ಹಾಗೆ ಮಾಡಿ. ಇದನ್ನು ಮಾಡದಿದ್ದರೆ ಆರು ತಿಂಗಳಲ್ಲಿ ಡಾಕ್ಟರು ಮತ್ತೆ ಬರುತ್ತಾರೆ. ಆಮೇಲೆ ಒಂದು ಆರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ ಮಾಡಿಕೊಳ್ಳಿ. ದುಡ್ಡು ಇಲ್ಲ. 16 ಅಂಕಿಯ ಸಂಖ್ಯೆ, 2012ರಿಂದ ಇದೆ. ಹಿರೇಮಠ ಎಷ್ಟು ಜನ ಇದ್ದರೂ ಆ ಸಂಖ್ಯೆ ನಿಮ್ಮೊಬ್ಬರದೇ. ಅದರಲ್ಲಿ ಮದುವೆಗೆ ಮುಂಚಿನ ಹೆಸರನ್ನೂ ಸೇರಿಸಬಹುದು. ಸ್ಕೋಪಸ್‌ನಲ್ಲಿ ಎರಡು ಐಡಿ ಒಂದು ಮಾಡಲು ಅವರದ್ದೇ ಅರ್ಜಿ ಇದೆ, ಚಂದಾ ಕಟ್ಟದವರೂ ಹಾಕಬಹುದು.

ನಮ್ಮ ಭಾಗದವರಿಗೆ ಇನ್ನೊಂದು ತೊಡಕು ಸಂಸ್ಥೆಯ ಹೆಸರು. ಧಾರವಾಡದ ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಕರ್ನಾಟಕ್, ಕೊನೆಗೆ ಎ ಅಕ್ಷರ ಇಲ್ಲ. ಎಷ್ಟೋ ಜನ ಎ ಸೇರಿಸಿ ಬರೆಯುತ್ತಾರೆ. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಯ್ತು. ಹಳೇ ಪೇಪರ್ ಒಂದು ಹೆಸರಲ್ಲಿ, ಹೊಸದು ಇನ್ನೊಂದು ಹೆಸರಲ್ಲಿ. ಯಂತ್ರ ಇವನ್ನು ಬೇರೆ ಬೇರೆ ಊರು ಅಂತಲೇ ತಿಳಿದರೆ ಅದರ ತಪ್ಪೇನಿದೆ?

ಕೈಪಿಡಿಯ ಬಗ್ಗೆ ನಾಳೆ ಬರೆಯುತ್ತೇನೆ, ಕಣ್ಣು ದಣಿದಿದೆ.

ಲಕ್ಕುಂಡಿ ದಾರಿ, ಗದಗ

ಸರ, ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಕನ್ನಡ ಕಲಿಸುವವನು. ಲಕ್ಕುಂಡಿಯ ಬಾವಿಗಳ ಮೇಲೆ, ಅಲ್ಲಿಯ ಶಾಸನಗಳ ಮೇಲೆ ಬರೆದಿದ್ದೇನೆ. ಎಲ್ಲವೂ ಕನ್ನಡದಲ್ಲಿ. ನನ್ನ ಎಚ್-ಇಂಡೆಕ್ಸ್ ಸೊನ್ನೆ. ಆದರೆ ನನ್ನ ಲೇಖನ ನೋಡಿ ಬರೆದ ಪುಸ್ತಕಗಳು ನನ್ನ ಕಪಾಟಿನಲ್ಲೇ ಇವೆ. ಕನ್ನಡದ ಅಡಿಟಿಪ್ಪಣಿ ಹೇಗಿರುತ್ತದೆ ಗೊತ್ತಲ್ಲ. ಮೊದಲ ಸಲ ಹೆಸರು ಬರುತ್ತದೆ. ಆಮೇಲೆ "ಅದೇ, ಪು. 43", "ಅದೇ, ಪು. 51". ಮುದ್ರಣದ ಪುಸ್ತಕದೊಳಗಿನ ಈ ಸಾಲುಗಳನ್ನು ಯಾವ ಕಂಪ್ಯೂಟರ್ ಓದುತ್ತದೆ? ನನ್ನಂಥವರು ಏನು ಬರೆಯಬೇಕು?

ವಿದ್ಯಾನಗರ, ಹುಬ್ಬಳ್ಳಿ

ಅಕ್ಕಾ, ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಾಲ್ಕನೇ ವರ್ಷ. ನನ್ನ ಸೈಟೇಶನ್ ನಿಮಗಿಂತ ಜಾಸ್ತಿ ಇದೆ. ಕೆಲಸ ನಿಮ್ಮದಕ್ಕಿಂತ ದೊಡ್ಡದು ಅಂತಲ್ಲ. ನಮ್ಮಲ್ಲಿ ಪೇಪರ್ ಬೇಗ ಬರುತ್ತವೆ, ಬೇಗ ಉಲ್ಲೇಖ ಆಗುತ್ತವೆ. ಹೆಚ್ಚಿನ ಸೈಟೇಶನ್ ಬಂದದ್ದು ಎಂಟು ಜನ ಬರೆದ ಒಂದೇ ಪೇಪರಿನಿಂದ. ಅದರಲ್ಲಿ ನಾನು ಐದನೆಯವನು. ಮೂರನೇ ಟೇಬಲಿನ ಪ್ರಯೋಗ ಓಡಿಸಿದ್ದೆ, ಅಷ್ಟೇ. ಆದರೆ ಗೂಗಲ್ ಎಂಟೂ ಜನರಿಗೆ ಪೂರ್ತಿ ಎಣಿಕೆ ಕೊಡುತ್ತದೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಪೇಪರಿಗೆ ಸಿಗುವ ಅಂಕದ ಪಾಲು ಬೇರೆ ಇದೆ. ಇಬ್ಬರೇ ಇದ್ದರೆ ಒಬ್ಬೊಬ್ಬರಿಗೆ ಶೇ 70. ಅದಕ್ಕಿಂತ ಜಾಸ್ತಿ ಜನ ಇದ್ದರೆ ಮೊದಲನೆಯ ಅಥವಾ ಮುಖ್ಯ ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30. ನಿಮ್ಮ 9ರಲ್ಲಿ ಎಷ್ಟಕ್ಕೆ ನೀವೇ ಮೊದಲ ಹೆಸರು ಅಂತ ಖಂಡಿತ ಬರೆಯಿರಿ. ಜೊತೆಗೆ ಪ್ರತಿ ಪೇಪರಿಗೂ ಒಂದು ಸಾಲು: ಹೊಲಕ್ಕೆ ಹೋಗಿ ಕಾಯಿ ತಂದದ್ದು ಯಾರು, ಶಿಲೀಂಧ್ರ ಬೆಳೆಸಿದ್ದು ಯಾರು, ಬರೆದದ್ದು ಯಾರು. ಈಗ ಎಷ್ಟೋ ಜರ್ನಲ್‌ಗಳು ಕ್ರೆಡಿಟ್ ಅನ್ನುವ 14 ಬಗೆಯ ಪಾತ್ರಗಳ ಪಟ್ಟಿಯಲ್ಲಿ ಇದನ್ನೇ ಕೇಳುತ್ತವೆ.

ಇನ್ನೊಂದು. "15 ದಿನದಲ್ಲಿ ಸ್ಕೋಪಸ್ ಪೇಪರ್" ಅಂತ ವಾಟ್ಸ್ಆ್ಯಪ್ ಮೆಸೇಜ್ ಬಂದರೆ ಉತ್ತರ ಕೊಡಬೇಡಿ. ಸ್ಕೋಪಸ್ ಜರ್ನಲ್‌ಗಳನ್ನು ಕೈಬಿಡುತ್ತಲೂ ಇರುತ್ತದೆ. ಪಟ್ಟಿ ಅವರ ತಾಣದಲ್ಲೇ ಪುಕ್ಕಟೆ ಸಿಗುತ್ತದೆ. ಯುಜಿಸಿ ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯಂತೂ 2025ರ ಫೆಬ್ರುವರಿಯಲ್ಲಿ ನಿಂತೇ ಹೋಯ್ತು. ಈಗ ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ನಾವೇ ನೋಡಬೇಕು.

ಹಳೇ ಲೈಬ್ರರಿಯನ್, ಧಾರವಾಡ

ಹುಬ್ಬಳ್ಳಿಯ ತಮ್ಮ ಸರಿಯಾಗಿ ಹೇಳಿದ. ಒಂದು ಮಾತು ಸೇರಿಸುತ್ತೇನೆ. ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲಿನದು, ನಿಮ್ಮ ಪೇಪರಿನದಲ್ಲ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಸೈಟೇಶನ್‌ಗಳ ಸರಾಸರಿ ಅದು. 1960ರ ದಶಕದಲ್ಲಿ ಗಾರ್ಫೀಲ್ಡ್ ಅವರು ಅದನ್ನು ಕಟ್ಟಿದ್ದು ತಮ್ಮ ಸೈಟೇಶನ್ ಸೂಚಿಗೆ ಯಾವ ಜರ್ನಲ್ ಸೇರಿಸಬೇಕು ಅಂತ ಆರಿಸಲು. ನಾವು ಲೈಬ್ರರಿಯವರೂ ಯಾವ ಜರ್ನಲ್ ತರಿಸಬೇಕು ಅಂತ ನೋಡಲು ಬಳಸಿದೆವು. ಮನುಷ್ಯರನ್ನು ಅಳೆಯಲು ಅದು ಬಂದದ್ದಲ್ಲ. ನೇಮಕ, ಬಡ್ತಿಗೆ ಅದನ್ನು ಬಳಸಬೇಡಿ ಅಂತ 2013ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಬಿಡಿಸಿ ಹೇಳಿದೆ.

ಮೇಡಂ, ನಿಮ್ಮ ಕೈಪಿಡಿಗೂ ಗದಗಿನ ಮಾಸ್ತರ ಬಾವಿಗಳಿಗೂ ಉತ್ತರ ಒಂದೇ. ಸಂಶೋಧನೆಯನ್ನು ಹೇಗೆ ಅಳೆಯಬೇಕು ಅಂತ ಹೇಳುವ ಲೈಡನ್ ಪ್ರಣಾಳಿಕೆ 2015ರಲ್ಲಿ ಬಂತು, ಹತ್ತು ಸೂತ್ರ. ಅದರಲ್ಲಿ ಒಂದು, ಆಯಾ ನಾಡಿಗೆ ಬೇಕಾದ ಸಂಶೋಧನೆಯನ್ನು ಕಾಪಾಡಬೇಕು ಅನ್ನುತ್ತದೆ. ಇಂಗ್ಲಿಷ್ ಜರ್ನಲ್ ಮಾತ್ರ ಎಣಿಸಿದರೆ ಊರಿನ ಕೆಲಸ ಸಾಯುತ್ತದೆ ಅನ್ನುವುದೇ ಅದರ ಆತಂಕ. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದರ ರೋಗದ ಬಗ್ಗೆ ಬ್ಯಾಡಗಿಯ ರೈತರಿಗೆ ಕನ್ನಡದಲ್ಲಿ ಹೇಳದೆ ಇನ್ಯಾರಿಗೆ ಹೇಳಬೇಕು?

ಖಾನೆ ಇಲ್ಲದಿದ್ದರೆ ಒಂದು ಪುಟ ಲಗತ್ತಿಸಿ. ಎಷ್ಟು ಪ್ರತಿ ಅಚ್ಚಾಯ್ತು, ಎಲ್ಲಿ ಹಂಚಿದಿರಿ, ಯಾವ ಪೇಪರಿನ ಫಲಿತಾಂಶ ಕೈಪಿಡಿಯ ಯಾವ ಪುಟಕ್ಕೆ ಬಂತು. ಆ ರೈತರು ಒಪ್ಪಿದರೆ ಅವರ ಪ್ರತಿಯ ಫೋಟೋ ಹಾಕಿ, ಗೆರೆ ಎಳೆದ ಪುಟದ್ದು.

ಮಾಸ್ತರ, ನೀವು ಪ್ರಬಂಧಗಳನ್ನು ಇಡುವ ಶೋಧಗಂಗಾ ತಾಣದಲ್ಲಿ ನಿಮ್ಮ ವಿಷಯದ ಪಿಎಚ್‌ಡಿ ಪ್ರಬಂಧಗಳನ್ನು ತೆರೆಯಿರಿ. ಕನ್ನಡ ಪ್ರಬಂಧಗಳೂ ಅಲ್ಲಿವೆ. ಹುಡುಕಾಟಕ್ಕೆ ನಿಮ್ಮ ಹೆಸರು ಸಿಗದಿದ್ದರೆ ಕೊನೆಯ ಗ್ರಂಥಸೂಚಿಯನ್ನು ಕಣ್ಣಿನಿಂದಲೇ ಓದಿ. ಕಪಾಟಿನ ಪುಸ್ತಕಗಳಲ್ಲಿ ನಿಮ್ಮ ಉಲ್ಲೇಖ ಬಂದ ಪುಟಗಳ ಜೆರಾಕ್ಸ್ ಮಾಡಿಸಿ. "ಅದೇ" ಅಂತ ಇದ್ದದ್ದನ್ನೂ ಬಿಡಬೇಡಿ, ಮೇಲಿನ ಟಿಪ್ಪಣಿಯನ್ನೂ ಸೇರಿಸಿ ಗುರುತು ಹಾಕಿ. ಪಟ್ಟಿ ಮಾಡಿ ಕೊಟ್ಟರೆ ಯಾವ ಸಮಿತಿಯೂ ಸೊನ್ನೆ ಅನ್ನಲು ಬರುವುದಿಲ್ಲ.

ಬಾಟನಿ ಮೇಡಂ, ಹಾವೇರಿ

ಸರ, ತಮ್ಮಾ, ಗದಗಿನ ಮಾಸ್ತರ, ಎಲ್ಲರಿಗೂ ಶರಣು. ಭಾನುವಾರ ಪೂರ್ತಿ ಕೂತೆ. ಡಾಕ್ಟರ 37 ಪೇಪರ್ ತೆಗೆದೆ. ಈಗ ಪ್ರೊಫೈಲ್‌ನಲ್ಲಿ 9, ಎಚ್-ಇಂಡೆಕ್ಸ್ 5 ಅಂತ ಬಂತು, ಸರ ಕೈಯಲ್ಲಿ ಮಾಡಿದ ಲೆಕ್ಕವೇ. ಆರ್ಕಿಡ್ ಆಯ್ತು. ಎರಡೂ ಅಡ್ಡಹೆಸರು ಒಂದರ ಕೆಳಗೊಂದು ಇವೆ, ನೋಡಿ ಏನೋ ಸಮಾಧಾನ ಆಯ್ತು. ಸ್ಕೋಪಸ್‌ಗೆ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ.

ಒಂಬತ್ತರಲ್ಲಿ ಆರಕ್ಕೆ ನನ್ನದೇ ಮೊದಲ ಹೆಸರು. ಇಷ್ಟು ವರ್ಷ ಇದನ್ನು ಎಣಿಸಿಯೇ ಇರಲಿಲ್ಲ. ಅರ್ಜಿಯಲ್ಲಿ ಗೂಗಲ್ 5, ಸ್ಕೋಪಸ್ 2, ಎರಡನ್ನೂ ತಾರೀಖು ಹಾಕಿ ಬರೆದೆ. ಬ್ಯಾಡಗಿಯ ಆ ರೈತರಿಗೆ ಫೋನ್ ಮಾಡಿದ್ದೆ. "ಫೋಟೋ ಯಾಕ್ರಿ, ಪುಸ್ತಕಾನ ತಗೊಂಡು ಹೋಗ್ರಿ, ಹೊಸಾದು ಒಂದು ಕೊಡ್ರಿ" ಅಂದರು. ಗುರುವಾರ ಹೊಸ ಪ್ರತಿ ತೆಗೆದುಕೊಂಡು ಹೋಗುತ್ತಿದ್ದೇನೆ.