ಸುದ್ದಿಯಲ್ಲಿ ಪಕ್ಷಪಾತವಿದೆ ಎಂದು ಅನ್ನಿಸುವುದಕ್ಕೂ ಅದು ನಿಜವಾಗಿ ಇರುವುದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಪ್ರಶ್ನೆ

ಹಲವು ವರ್ಷಗಳಿಂದ ಒಂದೇ ದಿನಪತ್ರಿಕೆಯನ್ನು ಓದುತ್ತ ಬಂದಿದ್ದೇನೆ. ಈಚೆಗೆ ಅದರ ರಾಜಕೀಯ ವರದಿಗಳು ನಾನು ಒಪ್ಪದ ಪಕ್ಷದ ಕಡೆಗೆ ವಾಲುತ್ತಿವೆ ಎಂದು ಬಲವಾಗಿ ಅನ್ನಿಸುತ್ತಿದೆ. ವಿಚಿತ್ರವೆಂದರೆ, ಆ ಪಕ್ಷವನ್ನೇ ಬೆಂಬಲಿಸುವ ನನ್ನ ಸ್ನೇಹಿತರೊಬ್ಬರು ಅದೇ ಪತ್ರಿಕೆ ತಮ್ಮವರ ಮೇಲೆ ಹಗೆ ಸಾಧಿಸುತ್ತಿದೆ ಎಂದು ಚಂದಾ ನಿಲ್ಲಿಸಿದ್ದಾರೆ. ಸಂಪಾದಕೀಯಕ್ಕೆ ಒಂದು ನಿಲುವು ಇರುವುದು ಸಹಜ, ಅದರ ಬಗ್ಗೆ ನನಗೆ ತಕರಾರಿಲ್ಲ. ನಾನು ಕೇಳುತ್ತಿರುವುದು ಸುದ್ದಿಪುಟಗಳ ಬಗ್ಗೆ ಮಾತ್ರ. ಎರಡೂ ಕಡೆಯವರು ಬೈಯುತ್ತಿದ್ದಾರೆಂದರೆ ನಾವು ಸರಿಯಾದ ದಾರಿಯಲ್ಲಿದ್ದೇವೆ ಎಂದು ಪತ್ರಕರ್ತರು ಹೇಳಿಕೊಳ್ಳುವುದುಂಟು. ಅದನ್ನು ನಂಬಬಹುದೇ?

ಮೊದಲ ಉತ್ತರ

ನಿಮ್ಮಿಬ್ಬರ ಅನುಭವ ಹೊಸದಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಲೋನ್, ರಾಸ್ ಮತ್ತು ಲೆಪ್ಪರ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1982ರಲ್ಲಿ ಲೆಬನಾನಿನ ಬೈರೂತ್‌ನಲ್ಲಿ ನಡೆದ ಪ್ಯಾಲೆಸ್ತೀನಿ ನಿರಾಶ್ರಿತರ ಹತ್ಯಾಕಾಂಡದ ಕುರಿತ ಅವೇ ದೂರದರ್ಶನ ವರದಿಗಳನ್ನು ಇಸ್ರೇಲ್ ಪರ ಮತ್ತು ಅರಬ್ ಪರ ಒಲವಿನ ವಿದ್ಯಾರ್ಥಿಗಳಿಗೆ ತೋರಿಸಿದರು. ವರದಿಗಳು ತಮ್ಮ ವಿರುದ್ಧವಾಗಿಯೇ ಇವೆ ಎಂದು ಎರಡೂ ಗುಂಪುಗಳು ಹೇಳಿದವು. ವಿಷಯದ ಬಗ್ಗೆ ಹೆಚ್ಚು ತಿಳಿದಿದ್ದವರಿಗೇ ಪಕ್ಷಪಾತ ಹೆಚ್ಚು ಕಂಡಿತ್ತು ಎಂಬುದನ್ನು ಓದಿದಾಗ, ತಿಳಿವಳಿಕೆಯಿದ್ದರೆ ಸಮಚಿತ್ತವೂ ತಾನಾಗಿ ಬರುತ್ತದೆ ಎಂಬ ನನ್ನ ನಂಬಿಕೆ ಸ್ವಲ್ಪ ಅಲುಗಾಡಿತು.

ಇದೇ ಕಾರಣಕ್ಕೆ ಆ ಪತ್ರಕರ್ತರ ಸಮಜಾಯಿಷಿಯೂ ನಿಲ್ಲುವುದಿಲ್ಲ. ವರದಿ ಹೇಗಿದ್ದರೂ ಕಟ್ಟಾ ಬೆಂಬಲಿಗರು ಬೈಯುತ್ತಾರೆ ಎಂದಾದ ಮೇಲೆ, ಬೈಗುಳ ಎರಡು ಕಡೆಯಿಂದ ಬಂದರೂ ಅದು ಪತ್ರಿಕೆಯ ಪ್ರಾಮಾಣಿಕತೆಗೆ ಸಾಕ್ಷಿಯಾಗದು.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ದೋಷವೆಲ್ಲ ಓದುಗರ ಕಣ್ಣಿನದೇ ಎಂದು ಯಾರೂ ಭಾವಿಸಬಾರದು. ರಷ್ಯಾ ಕ್ರಾಂತಿಯನ್ನು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದ ರೀತಿಯನ್ನು ಅಮೆರಿಕದ ಪತ್ರಕರ್ತರಾದ ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ 1920ರಲ್ಲಿ ಪರಿಶೀಲಿಸಿದಾಗ, ಸೋವಿಯತ್ ಆಡಳಿತ ಕುಸಿದಿದೆ ಅಥವಾ ಇನ್ನೇನು ಕುಸಿಯಲಿದೆ ಎಂಬ ಸುದ್ದಿ ಎರಡು ವರ್ಷಗಳಲ್ಲಿ 91 ಬಾರಿ ಪ್ರಕಟವಾಗಿದ್ದುದು ಕಂಡುಬಂತು. ಅವರ ತೀರ್ಮಾನದ ಪ್ರಕಾರ ಇದು ಯಾರದೋ ಸಂಚಲ್ಲ. ವರದಿಗಾರರೂ ಸಂಪಾದಕರೂ ತಾವು ಬಯಸಿದ್ದನ್ನೇ ಕಂಡಿದ್ದರು. ನನಗೆ ಮುಖ್ಯವೆನಿಸುವುದು ಅವರ ವಿಧಾನ: ಪತ್ರಿಕೆಯ ಧೋರಣೆಯ ಬಗ್ಗೆ ವಾದಕ್ಕಿಳಿಯದೆ, ಅಚ್ಚಾದದ್ದನ್ನು ಆಮೇಲೆ ಖಚಿತವಾದ ಸಂಗತಿಗಳ ಪಕ್ಕದಲ್ಲಿಟ್ಟು ಎಣಿಸಿದರು.

ನೀವೂ ಎಣಿಸಬಹುದು. ನಾನಾದರೆ ಕ್ರಿಯಾಪದಗಳಿಂದ ಆರಂಭಿಸುತ್ತೇನೆ. ಒಬ್ಬ ನಾಯಕ 'ಸ್ಪಷ್ಟಪಡಿಸಿದ್ದಾರೆ', ಇನ್ನೊಬ್ಬ 'ಕಿಡಿಕಾರಿದ್ದಾರೆ', ಮತ್ತೊಬ್ಬ 'ಸಮರ್ಥಿಸಿಕೊಂಡಿದ್ದಾರೆ'. ಮೂವರೂ ಮಾಡಿದ್ದು ಹೇಳಿಕೆ ಕೊಡುವ ಕೆಲಸವನ್ನೇ, ಆದರೆ ಮೊದಲನೆಯವರಲ್ಲಿ ಸತ್ಯವಿದೆ, ಎರಡನೆಯವರಿಗೆ ತಾಳ್ಮೆಯಿಲ್ಲ, ಮೂರನೆಯವರು ತಪ್ಪು ಮಾಡಿದ್ದಾರೆ ಎಂಬ ಸೂಚನೆ ಆ ಪದಗಳಲ್ಲೇ ಅಡಗಿದೆ. 'ಎನ್ನಲಾಗಿದೆ' ಎಂಬುದು ಇನ್ನೂ ಅಪಾಯಕಾರಿ, ಏಕೆಂದರೆ ಅಂದವರು ಯಾರು ಎಂಬ ಪ್ರಶ್ನೆಯನ್ನೇ ಅದು ನುಂಗಿಬಿಡುತ್ತದೆ. ವರದಿಯಲ್ಲಿರುವ ಪಕ್ಷದ ಹೆಸರನ್ನು ಅಳಿಸಿ ಎದುರು ಪಕ್ಷದ ಹೆಸರನ್ನು ಬರೆದು ಮತ್ತೊಮ್ಮೆ ಓದಿ ನೋಡಿ. ಆಗಲೂ ಅದು ಸರಿಯೆನಿಸಿದರೆ ನಿಮ್ಮ ದೂರನ್ನು ಹಿಂದಕ್ಕೆ ಪಡೆಯಬಹುದು. ತಪ್ಪು ಮುಖಪುಟದಲ್ಲಿ ಅಚ್ಚಾಗಿ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬರುತ್ತದೆಯೇ ಎಂಬುದನ್ನೂ ಗಮನಿಸಿ.

ಮೂರನೆಯ ಉತ್ತರ

ಎಣಿಕೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಎರಡೂ ಕಡೆಗೆ ಸಮನಾದ ಜಾಗ ಕೊಟ್ಟರೆ ನ್ಯಾಯ ಸಿಕ್ಕಂತೆ ಎಂದು ಅನೇಕರು ತಿಳಿಯುತ್ತಾರೆ. 1988ರಿಂದ 2002ರವರೆಗೆ ಅಮೆರಿಕದ ಪ್ರಮುಖ ಪತ್ರಿಕೆಗಳಲ್ಲಿ ಬಂದ ಭೂತಾಪಮಾನ ಏರಿಕೆಯ ವರದಿಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅರ್ಧಕ್ಕಿಂತ ತುಸು ಹೆಚ್ಚು ವರದಿಗಳು ಮಾನವ ಚಟುವಟಿಕೆ ಕಾರಣ ಎಂಬ ವಾದಕ್ಕೂ ಅದು ನೈಸರ್ಗಿಕ ಏರಿಳಿತ ಎಂಬ ವಾದಕ್ಕೂ ಸರಿಸುಮಾರು ಸಮಾನ ಸ್ಥಾನ ನೀಡಿದ್ದವು. ವಿಜ್ಞಾನಿಗಳಲ್ಲಿ ಅಂಥ ಸಮಾನ ವಿಭಜನೆ ಇರಲಿಲ್ಲ. ತೂಕ ಬೇರೆ ಬೇರೆಯಾಗಿರುವ ವಸ್ತುಗಳನ್ನು ತಕ್ಕಡಿಯ ಮುಳ್ಳು ಹಿಡಿದು ಸಮ ಮಾಡುವುದೂ ಮೋಸವೇ. ಒಬ್ಬರು ಮಳೆ ಬರುತ್ತಿದೆ, ಇನ್ನೊಬ್ಬರು ಇಲ್ಲ ಎಂದರೆ, ಇಬ್ಬರ ಹೇಳಿಕೆಯನ್ನೂ ಬರೆದುಕೊಂಡು ಬರುವುದಕ್ಕಿಂತ ಹೊರಗೆ ಹೋಗಿ ನೋಡುವುದು ವರದಿಗಾರನ ಕೆಲಸ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಒಂದು ವಾರದ ಪುಟಗಳನ್ನು ಮುಂದಿಟ್ಟುಕೊಂಡು ಕ್ರಿಯಾಪದಗಳಿಗೆ ಗೆರೆ ಎಳೆದೆ. ನಾನು ಅಂದುಕೊಂಡಷ್ಟು ವಾಲುವಿಕೆ ಕಾಣಲಿಲ್ಲ. ನಾನು ಮೆಚ್ಚುವ ನಾಯಕರ ಆಧಾರವಿಲ್ಲದ ಒಂದು ಆರೋಪವನ್ನು 'ಬಹಿರಂಗಪಡಿಸಿದರು' ಎಂದು ಬರೆದಿದ್ದನ್ನು ಮೊದಲ ಓದಿನಲ್ಲಿ ನಾನು ಗಮನಿಸಿಯೇ ಇರಲಿಲ್ಲ. ಆದರೂ ಒಂದು ಅನುಮಾನ ಉಳಿದಿದೆ. ಅಚ್ಚಾದದ್ದಕ್ಕೆ ಗೆರೆ ಎಳೆಯಬಹುದು, ಅಚ್ಚಾಗದೆ ಉಳಿದ ಸುದ್ದಿಗಳನ್ನು ಎಣಿಸುವುದು ಹೇಗೆ?

ಎರಡನೆಯ ಉತ್ತರ ಬರೆದವರಿಂದ

ಒಂದೇ ಪತ್ರಿಕೆಯನ್ನು ಓದುವವರೆಗೆ ಅದು ಸಾಧ್ಯವಿಲ್ಲ. ನಿಮ್ಮ ಸ್ನೇಹಿತರು ಈಗ ಯಾವ ಪತ್ರಿಕೆ ತರಿಸುತ್ತಿದ್ದಾರೋ ಅದನ್ನು ಅವರಿಂದ ಎರವಲು ಪಡೆದು, ಅದೇ ವಾರದ ಸಂಚಿಕೆಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.