ಸಹಾಯ ಬೇಕು: ಕೌನಸ್ ನಗರದ ಫೋಟೋಗಳು

ನಮಸ್ಕಾರ. ನಾನು ಒಂಬತ್ತನೇ ಕ್ಲಾಸಿಗೆ ಇತಿಹಾಸ ಹೇಳಿಕೊಡುತ್ತೇನೆ. ಈಗ ಲಿಥುವೇನಿಯಾದ ಕೌನಸ್ ಬಗ್ಗೆ ಪಾಠ ನಡೀತಿದೆ. 1920ರಲ್ಲಿ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ ಪೋಲೆಂಡಿನ ಪಾಲಾಯಿತು. ಹಾಗಾಗಿ ಸುಮಾರು 20 ವರ್ಷ ಕೌನಸ್ಸೇ ‘ತಾತ್ಕಾಲಿಕ ರಾಜಧಾನಿ’. ಆದರೂ 1928ರ ಸಂವಿಧಾನದಲ್ಲಿ ರಾಜಧಾನಿ ವಿಲ್ನಿಯಸ್ ಅಂತಲೇ ಬರೆದುಕೊಂಡರು. ಒಬ್ಬ ಹುಡುಗಿ ಮ್ಯಾಪಿನಲ್ಲಿ ವಿಲ್ನಿಯಸ್ ಮೇಲೆ ಬೆರಳಿಟ್ಟು, ‘ಕೈಯಲ್ಲೇ ಇಲ್ಲದ ಊರು ರಾಜಧಾನಿ ಹೇಗಾಗುತ್ತೆ ಮಿಸ್?’ ಅಂದಳು. ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ!

ಸುಮ್ನೆ ಇಸವಿ ಬಾಯಿಪಾಠ ಮಾಡಿಸೋಕೆ ಮನಸ್ಸಿಲ್ಲ. ಆ ಕಾಲದ ಕಟ್ಟಡಗಳನ್ನೇ ತೋರಿಸಬೇಕು. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿವೆ. ಕೌನಸ್‌ನಲ್ಲಿ ಓದುತ್ತಿರುವ ಕನ್ನಡದವರು ಯಾರಾದರೂ ಇದ್ದೀರಾ? ಹಳೇ ಅಂಚೆ ಕಚೇರಿ, ಗುಡ್ಡ ಹತ್ತಲು 1931ರಲ್ಲಿ ಶುರುವಾದ ಫ್ಯೂನಿಕ್ಯುಲರ್ (ಹಗ್ಗದಿಂದ ಎಳೆಯುವ ರೈಲು), ಇವುಗಳ ಫೋಟೋ ತೆಗೆದು ಕಳಿಸ್ತೀರಾ? ಬಾಗಿಲು, ಮೆಟ್ಟಿಲು ಹತ್ತಿರದಿಂದ ಕಂಡರೆ ಇನ್ನೂ ಚೆನ್ನ. ಮುಂದಿನ ಸೋಮವಾರದೊಳಗೆ ಸಿಕ್ಕರೆ ತುಂಬಾ ಉಪಕಾರ.